ಮೆಟ್ಟಿಲ ಪಕ್ಕದ ಏಡಿ

ಬಸ್ಸಿನ ಮೇಲೆ ಏಡಿ ಬಂದು ಕೂತದ್ದು ಒಂದು ಹನಿ ಬಣ್ಣದ ದೆಸೆಯಿಂದ.

ಇಸವಿ ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇರಬೇಕು. ಮಣಿಪಾಲದಿಂದ ಅಲೆವೂರಿಗೆ ಹೋಗುವ ದಾರಿಯಲ್ಲಿ ಒಂದು ಗ್ಯಾರೇಜಿತ್ತು. ಅದರ ಹಿಂದಿನ ಬಯಲಿನಲ್ಲಿ, ಗೇರುಮರಗಳ ನೆರಳಿನಲ್ಲಿ ಶೀನ ಬಸ್ಸುಗಳಿಗೆ ಬಣ್ಣ ಹೊಡೆಯುತ್ತಿದ್ದ. ಅವನ ಅಕ್ಷರವೆಂದರೆ ಅಕ್ಷರ. ನೂಲು ಹಿಡಿದು ಸೀಮೆಸುಣ್ಣದ ಗೆರೆ ಹೊಡೆದು, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಬ್ರಷ್ ಎಳೆದನೆಂದರೆ ಆ ಕೊಂಬು, ಆ ಒತ್ತು ನೋಡುವುದಕ್ಕೆಂದೇ ಗ್ಯಾರೇಜಿನ ಮೆಕ್ಯಾನಿಕ್ಕುಗಳು ಸ್ಪಾನರ್ ಕೆಳಗಿಟ್ಟು ಬರುತ್ತಿದ್ದರು. ಅವನ ಹೆಂಡತಿ ಕುಶಲಾ ಮಧ್ಯಾಹ್ನ ಬುತ್ತಿ ತರುವವಳು. ಬಂದವಳು ಸುಮ್ಮನೆ ಕೂರದೆ ಬ್ರಷ್ಷುಗಳನ್ನು ತೊಳೆದು ಇಡುತ್ತಿದ್ದಳು.

ಆ ದಿನ ನಿಂತಿದ್ದದ್ದು ಕಾಪುವಿನ ಸುಲೈಮಾನ್ ಬ್ಯಾರಿಯ ಬಸ್ಸು. ದುಬೈಯಲ್ಲಿ ದುಡಿದು ಬಂದು ಕೊಂಡ ಮೊದಲ ಬಸ್ಸು, ಹಳೆಯದು. ಅದಕ್ಕೆ ತಾಯಿಯ ಹೆಸರಿಟ್ಟಿದ್ದ, 'ಆಸ್ಯಾ' ಎಂದು. ಎಲ್ಲ ಮುಗಿದು ಕೊನೆಯ ಒತ್ತು ಎಳೆಯುವಾಗ ಶೀನನ ಬ್ರಷ್ಷಿನಿಂದ ಒಂದು ದಪ್ಪ ಕೆಂಪು ಹನಿ ಹಿಂದಿನ ಬಾಗಿಲಿನ ಮೆಟ್ಟಿಲ ಪಕ್ಕಕ್ಕೆ ಬಿತ್ತು. ಕೆಳಗೆ ಕೆನೆಬಣ್ಣ ಇನ್ನೂ ಹಸಿ. ಒರೆಸಿದರೆ ಅದೂ ಎದ್ದು ಬರುತ್ತದೆ, ಬಿಟ್ಟರೆ ಹುಣ್ಣಿನ ಹಾಗೆ ಕಾಣುತ್ತದೆ. ಶೀನ ತಲೆಯ ಮೇಲೆ ಕೈಯಿಟ್ಟು ಕೂತ.

"ತಡೆಯಿರಿ, ಮುಟ್ಟಬೇಡಿ" ಎಂದಳು ಕುಶಲಾ.

ಅವಳು ಎರ್ಮಾಳಿನವಳು, ಕಡಲ ಕರೆಯಲ್ಲಿ ಬೆಳೆದವಳು. ಹಸಿ ಹೊಯಿಗೆಯ ಮೇಲೆ ಕಡ್ಡಿ ಹಿಡಿದು ಅವಳು ಬರೆದ ಮೊದಲ ಜೀವವೇ ಏಡಿ. ಸಣ್ಣ ಬ್ರಷ್ ತೆಗೆದುಕೊಂಡು ಆ ಹನಿಗೆ ಕಾಲು ಎಳೆದಳು, ಇಕ್ಕಳದಂಥ ಎರಡು ಕೊಂಬು ಇಟ್ಟಳು, ಕಣ್ಣು ಇಟ್ಟಳು. ಆದರೂ ಅದು ಕೆಲಸವಿಲ್ಲದೆ ಕೂತ ಹಾಗೆ ಕಂಡಿತು. ಮಳೆಗಾಲ ಹತ್ತಿರ ಬಂತಲ್ಲ ಎಂದುಕೊಂಡು ಒಂದು ಕೊಂಬಿಗೆ ಕೊಡೆ ಹಿಡಿಸಿದಳು.

ಸಂಜೆ ಸುಲೈಮಾನ್ ಬ್ಯಾರಿ ಡ್ರೈವರ್ ಅಬ್ಬಾಸನನ್ನು ಕರೆದುಕೊಂಡು ಬಂದ. ಬಸ್ಸಿಗೆ ಒಂದು ಸುತ್ತು ಹಾಕಿ ಮೆಟ್ಟಿಲ ಹತ್ತಿರ ನಿಂತ.

"ಇದೆಂತ ಶೀನಣ್ಣ?"

"ಏಡಿ."

"ಕಾಪುವಿನವನಿಗೆ ಏಡಿಯ ಪರಿಚಯ ಮಾಡಿಸಬೇಡ ಮಾರಾಯ. ಬಸ್ಸಿಗೆ ಎಂತಕ್ಕೆ ಅಂತ ಕೇಳಿದ್ದು. ಅಡ್ಡ ಹೋಗುವ ಪ್ರಾಣಿ ಇದು. ನನ್ನ ಬಸ್ಸು ಕಾರ್ಕಳಕ್ಕೆ ಹೋಗುವುದಾ, ಗದ್ದೆಗೆ ಹೋಗುವುದಾ?"

ಶೀನ ನೆಲ ನೋಡಿದ. ಕುಶಲಾ ಬುತ್ತಿಯ ಪಾತ್ರೆ ನೋಡಿದಳು. ಅಬ್ಬಾಸ್ ಮಾತ್ರ ಕುಕ್ಕರಗಾಲಲ್ಲಿ ಕೂತು ಏಡಿಯನ್ನು ಚೆನ್ನಾಗಿ ನೋಡಿದ.

"ಇರಲಿ ಬಿಡಿ ಸುಲೈಮಾನಾಕ. ನೆಟ್ಟಗೆ ಹೋಗುವವರೇ ಅಲ್ವಾ ಒಬ್ಬರಿಗೊಬ್ಬರು ಗುದ್ದಿಕೊಳ್ಳುವುದು? ಎದುರು ಲಾರಿ ಬಂದಾಗ ಪಕ್ಕಕ್ಕೆ ಸರಿಯುವ ಬುದ್ಧಿ ಇರುವುದು ಇದಕ್ಕೊಂದಕ್ಕೇ."

ಆ ಮಾತು ಉಳಿಯಿತು, ಏಡಿಯೂ ಉಳಿಯಿತು. ಆ ವರ್ಷದ ಮಳೆಯಲ್ಲಿ ಪರ್ಕಳದ ಏರಿನಲ್ಲಿ 'ಆಸ್ಯಾ' ಒಂದು ಲಾರಿಯಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡದ್ದೇ ತಡ, ಡ್ರೈವರುಗಳಿಗೆಲ್ಲ ಏಡಿ ಬೇಕಾಯಿತು. ಬಸ್ಸಿಗೆ ಬಣ್ಣವಾದರೆ ಸಾಲದು, "ಏಡಿ ಕೂತಿತಾ?" ಎಂದು ಕೇಳಿಯೇ ಅವರು ಮೊದಲ ಟ್ರಿಪ್ಪಿಗೆ ಕೀಲಿ ತಿರುಗಿಸುವುದು. ಕುಶಲಾ ಒಂದರ ಹಾಗೆ ಇನ್ನೊಂದನ್ನು ಬರೆಯಲಿಲ್ಲ. ಬರೆಯುವುದಕ್ಕೆ ಮೊದಲು ಬಸ್ಸು ಯಾವ ದಾರಿಯದ್ದು, ಯಾರು ಹತ್ತುತ್ತಾರೆ ಎಂದು ಡ್ರೈವರಿನ ಹತ್ತಿರ ಕೂತು ಕೇಳುವಳು. ಶಿಲ್ಪಿಗಳ ಊರಾದ ಕಾರ್ಕಳದ ಬಸ್ಸಿನ ಏಡಿ ಕಲ್ಲು ಕೆತ್ತುತ್ತಿತ್ತು. ಮಣಿಪಾಲದ್ದು ಕುತ್ತಿಗೆಗೆ ಡಾಕ್ಟರ ಕೊಳವೆ ಹಾಕಿಕೊಂಡಿತ್ತು. ಕಾಪುವಿನ ಒಂದು ಏಡಿ ತನಗಿಂತ ದೊಡ್ಡ ಬಂಗುಡೆ ಮೀನನ್ನು ಹೊತ್ತು ಬೆವರುತ್ತಿತ್ತು. ಬಸ್ಸು ಕಾಯುವವರಿಗೆ ಅದೊಂದು ಆಟವಾಯಿತು. ಹೊಸ ಬಣ್ಣದ ಬಸ್ಸು ಬಂದರೆ ಮೊದಲು ಬಗ್ಗಿ ಏಡಿ ಏನು ಮಾಡುತ್ತಿದೆ ಎಂದು ನೋಡಿ, ಆಮೇಲೆ ಹತ್ತುವುದು.

ಎಲ್ಲರೂ ಅದನ್ನು 'ಶೀನನ ಏಡಿ' ಎನ್ನುತ್ತಿದ್ದರು. ಕುಶಲಾ ತಿದ್ದಲು ಹೋಗಲಿಲ್ಲ. ತಾನು ಬರೆದದ್ದು ದಿನಕ್ಕೆ ನಾಲ್ಕು ಸಲ ಕಾರ್ಕಳಕ್ಕೆ ಹೋಗಿ ಬರುತ್ತದಲ್ಲ, ಅಷ್ಟೇ ಸಾಕಿತ್ತು ಅವಳಿಗೆ. ಪೂರ್ತಿ ಸಾಕಿತ್ತೇ ಎಂದು ಕೇಳಿದರೆ, ಸ್ವಲ್ಪ ಕಡಿಮೆಯೇ ಬೀಳುತ್ತಿತ್ತು.

ಬಸ್ಸುಗಳು ಹೆಚ್ಚಿದವು, ಗಿರಾಕಿಗಳೂ ಹೆಚ್ಚಿದರು. ಗೇರುಮರಗಳ ಅಡಿಯಲ್ಲಿ ತಗಡಿನ ಶೆಡ್ ಎದ್ದಿತು, 'ಶೀನ ಆರ್ಟ್ಸ್' ಎಂಬ ಬೋರ್ಡು ಬಂತು. ಬ್ರಷ್ ಹೋಗಿ ಸ್ಪ್ರೇ ಗನ್ ಬಂತು, ಅದಕ್ಕೊಂದು ಕಂಪ್ರೆಸರ್, ಅದನ್ನು ಹಿಡಿಯುವುದಕ್ಕೆ ಬೊಂಬಾಯಿಯಲ್ಲಿ ಕೆಲಸ ಕಲಿತು ಬಂದ ಲಿಯೋನೆಲ್, ಅವನ ಕೈಕೆಳಗೆ ಮತ್ತೆ ನಾಲ್ಕು ಜನ. ಕೆಲಸದವರ ಊಟ ಕುಶಲಾಳದ್ದು, ಉಡುಪಿಗೆ ಹೋಗಿ ಬಣ್ಣ ತರುವುದು ಅವಳದ್ದು, ಬಿಲ್ಲು ಬರೆಯುವುದು ಅವಳದ್ದು, ಬಸ್ಸಿನ ಧನಿಗಳು ಜಗಳಕ್ಕೆ ಬಂದರೆ ಮಜ್ಜಿಗೆ ಕೊಟ್ಟು ಕೂರಿಸುವುದೂ ಅವಳದ್ದೇ. ಬ್ರೇಕ್ ಇನ್ಸ್‌ಪೆಕ್ಟರಿಗೆ ಬಸ್ಸು ತೋರಿಸುವ ತಿಂಗಳು ಬಂತೆಂದರೆ ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ಏಡಿಯನ್ನು ಅವಳು ಅನ್ನಕ್ಕೆ ನೀರಿಟ್ಟು ಬಂದು ಬರೆಯುವಳು, ಕುದಿಯುವುದರೊಳಗೆ ಮುಗಿಸುವಳು. ಕಾಲು ಎಳೆಯುವಾಗ ಏಡಿಯ ಮುಖ ನೆನಪಿಗೆ ಬರುತ್ತಿರಲಿಲ್ಲ, ತರಬೇಕಾದ ಟರ್ಪೆಂಟೈನ್ ನೆನಪಿಗೆ ಬರುತ್ತಿತ್ತು.

ಆಮೇಲೆ ತಲೆನೋವು ಶುರುವಾಯಿತು. ಶೆಡ್ಡಿನ ಒಳಗೆ ಬಣ್ಣ ತೆಳು ಮಾಡುವ ತಿನ್ನರಿನ ವಾಸನೆ ಮಂಜಿನ ಹಾಗೆ ನಿಲ್ಲುತ್ತಿತ್ತು. ಗಂಜಿ ಕುಡಿದರೆ ಗಂಜಿಯೂ ತಿನ್ನರ್, ಮೀನು ತಿಂದರೆ ಮೀನೂ ತಿನ್ನರ್. ನಿದ್ದೆ ಓಡಿತು. ಯಾರ ಮೇಲೂ ದನಿ ಏರಿಸದವಳು ಉಪ್ಪು ಕೇಳಿದವನ ಮೇಲೂ ಹರಿಹಾಯತೊಡಗಿದಳು. ಮಣಿಪಾಲದ ಡಾಕ್ಟರು ಕಣ್ಣು ನೋಡಿ, ನಾಲಗೆ ನೋಡಿ, "ಗಾಳಿ ಇರುವ ಕಡೆ ಇರಬೇಕಮ್ಮ ನೀವು" ಎಂದರು.

"ಗಾಳಿ ಬೇಕಾದಷ್ಟು ಉಂಟು ಡಾಕ್ಟ್ರೇ, ಕಂಪ್ರೆಸರಿನಲ್ಲಿ" ಎಂದಳು ಕುಶಲಾ. ಡಾಕ್ಟರು ನಕ್ಕರು, ಶೀನ ನಗಲಿಲ್ಲ.

ಅವನು ಮನೆಗೆ ಬಂದು ಯೋಚಿಸಿದ. ಅವನಿಗೆ ತಿಳಿದ ಉಪಾಯವೆಂದರೆ ಕೆಲಸ ಕಡಿಮೆ ಮಾಡುವ ಉಪಾಯ. ಆಸ್ಪತ್ರೆಯ ಹಳೆಯ ಎಕ್ಸ್‌ರೇ ಹಾಳೆಗಳು ಗುಜರಿ ಅಂಗಡಿಯಲ್ಲಿ ಸಿಗುತ್ತಿದ್ದವು, ಅಚ್ಚು ಕೊರೆಯುವುದಕ್ಕೆ ಅಷ್ಟು ಒಳ್ಳೆಯದು ಬೇರೆ ಇಲ್ಲ. ಶೀನ 'ಆಸ್ಯಾ'ದ ಕೊಡೆ ಹಿಡಿದ ಏಡಿಯನ್ನು ಎಣ್ಣೆಕಾಗದದಲ್ಲಿ ಇಳಿಸಿಕೊಂಡು ಬಂದು, ಯಾರದ್ದೋ ಪಕ್ಕೆಲುಬುಗಳ ನಡುವೆ ಅದನ್ನು ಬ್ಲೇಡಿನಿಂದ ಕೊರೆದ.

"ಇಕೋ, ಇನ್ನು ಇದನ್ನು ಬಸ್ಸಿಗೆ ಒತ್ತಿ ಹಿಡಿದು ಒಂದು ಸಲ ಸ್ಪ್ರೇ ಹೊಡೆದರಾಯಿತು. ನೀನು ಶೆಡ್ಡಿಗೆ ಬರುವುದೇ ಬೇಡ. ಲಿಯೋನೆಲ್ ಮಾಡುತ್ತಾನೆ."

ಕುಶಲಾ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಪ್ರೀತಿಯಿಂದ ಕೊರೆದದ್ದು, ಒಂದು ಕಾಲೂ ತಪ್ಪಿರಲಿಲ್ಲ. "ಒಳ್ಳೆಯದಾಯಿತು" ಎಂದಳು. ಸುಳ್ಳಲ್ಲ, ಆ ದಿನ ಮಧ್ಯಾಹ್ನ ಅವಳು ಚಾಪೆ ಬಿಡಿಸಿ ಗಡದ್ದಾಗಿ ನಿದ್ದೆ ಮಾಡಿದಳು.

ಆದರೆ ತಲೆನೋವು ಹೋಗಲಿಲ್ಲ. ಕೆಲಸದವರಿಗೆ ಬೇಯಿಸುವ ಅಡುಗೆಮನೆ ಇರುವುದು ಶೆಡ್ಡಿನ ಗೋಡೆಗೆ ತಾಗಿ, ಬಿಲ್ಲು ಬರೆಯುವ ಮೇಜು ಇರುವುದು ಶೆಡ್ಡಿನ ಒಳಗೆ. ಹೋದದ್ದು ಏಡಿ ಮಾತ್ರ. ಡ್ರೈವರುಗಳ ಹತ್ತಿರ ಕೂತು ಮಾತಾಡುವುದೂ ಅದರ ಜೊತೆಗೇ ಹೋಯಿತು. ಇನ್ನೊಂದು ವಿಷಯ ಅವಳು ಯಾರಿಗೂ ಹೇಳಲಿಲ್ಲ. ಹೊಸ ಬಸ್ಸು ಎದುರು ಬಂದರೆ ಈಗ ಅವಳು ಆ ಮೆಟ್ಟಿಲ ಕಡೆ ನೋಡುತ್ತಲೇ ಇರಲಿಲ್ಲ.

ಎಂಬತ್ತೆರಡರ ಬೇಸಿಗೆಯಲ್ಲಿ ಸುಲೈಮಾನ್ ಬ್ಯಾರಿ ಒಂದು ದೊಡ್ಡ ಸುದ್ದಿ ತಂದ. ಈಗ ಅವನಿಗೇ ನಾಲ್ಕು ಬಸ್ಸು.

"ಕಾರ್ಕಳದಲ್ಲಿ ನನ್ನ ಸ್ನೇಹಿತರೊಬ್ಬರು ಉಂಟು, ದೇವದಾಸಣ್ಣ ಅಂತ. ಅವರ ಬಸ್ಸುಗಳೆಲ್ಲ ನಿನಗೇ ಅಂತ ಮಾತಾಡಿದ್ದೇನೆ ಶೀನಣ್ಣ. ಆದರೆ ಮಳೆ ಹಿಡಿಯುವುದರೊಳಗೆ ಎಲ್ಲ ಆಗಬೇಕು. ಈಗ ಹೇಗೂ ಅಚ್ಚು ಉಂಟಲ್ಲ, ಎಲ್ಲ ಟಪಟಪ."

ಶೀನ ಕುಶಲಾಳ ಮುಖ ನೋಡಿದ. ಅವಳು ಹಣೆ ಒತ್ತಿಕೊಳ್ಳುತ್ತ, "ನಾಡಿದ್ದು ಹೇಳುತ್ತೇವೆ" ಎಂದಳು. ಹೂಂ ಎಂದರೆ ಶೆಡ್ ಇನ್ನೊಂದಷ್ಟು ಉದ್ದವಾಗುತ್ತದೆ, ತಾನು ಇನ್ನೊಂದಷ್ಟು ಮೋಟಾಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಊಹೂಂ ಎನ್ನುವುದಕ್ಕೆ ಕಾರಣ ಏನು ಹೇಳುವುದೆಂದು ಗೊತ್ತಿರಲಿಲ್ಲ. ಒಂದು ಏಡಿಗೋಸ್ಕರ ಎಂದರೆ ಯಾರಾದರೂ ನಗುತ್ತಾರೆ.

ಮರುದಿನ ಅವಳು ಬಣ್ಣ ತರಲು ಉಡುಪಿಗೆ ಹೋದಳು. ಒಂದು ಡಬ್ಬ ಕರಿ, ಒಂದು ಡಬ್ಬ ಬಿಳಿ, ನಾಲ್ಕಾರು ಬ್ರಷ್ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದರೆ ಅಲ್ಲಿ ಜನ ಸೇರಿತ್ತು. ನಡುವೆ ಸುಲೈಮಾನ್ ಬ್ಯಾರಿಯ 'ಜುಬೈದಾ', ಹಿಂದಿನ ದಿನವಷ್ಟೇ ಶೆಡ್ಡಿನಿಂದ ಹೊರಟದ್ದು, ಮೊದಲ ಟ್ರಿಪ್ಪಿಗೆ ಕಾರ್ಕಳಕ್ಕೆ ಹೊರಡಬೇಕಾದದ್ದು. ಒಳಗೆ ಜನ ತುಂಬಿ ಕೂತಿದ್ದರು. ಡ್ರೈವರ್ ಅಬ್ಬಾಸ್ ಮಾತ್ರ ಕೆಳಗೆ ನಿಂತು ಬೀಡಿ ಹಚ್ಚಿದ್ದ. ಕಂಡಕ್ಟರ್ ಲೂಯಿಸ್ ಅವನ ಸುತ್ತ ತಿರುಗುತ್ತಿದ್ದ.

"ಹತ್ತು ಮಾರಾಯ, ಟೈಮಿಂಗ್ ಹೋಯಿತು. ಹಿಂದಿನ ಬಸ್ಸಿನವನು ಹಾರ್ನ್ ಹಾಕಿ ಹಾಕಿ ಸಾಯುತ್ತಿದ್ದಾನೆ."

"ಅವನು ಹೋಗಲಿ. ನಾನು ಈ ಬಸ್ಸು ತೆಗೆಯುವುದಿಲ್ಲ" ಎಂದ ಅಬ್ಬಾಸ್. ಅಷ್ಟರಲ್ಲಿ ಅವನಿಗೆ ಕುಶಲಾ ಕಂಡಳು. "ಓ, ಕುಶಲಕ್ಕನೇ ಬಂದರು. ಬನ್ನಿ, ನಿಮ್ಮ ಕಣ್ಣಿನಿಂದ ನೀವೇ ನೋಡಿ."

ಕುಶಲಾ ಬಗ್ಗಿದಳು. ಲಿಯೋನೆಲ್ ಅವಸರದಲ್ಲಿ ಅಚ್ಚನ್ನು ಅಡ್ಡ ಹಿಡಿಯುವ ಬದಲು ಉದ್ದಕ್ಕೆ ಹಿಡಿದು ಸ್ಪ್ರೇ ಹೊಡೆದಿದ್ದ. ಏಡಿ ತಲೆ ಮೇಲೆ ಮಾಡಿ ನೆಟ್ಟಗೆ ಏರುತ್ತಿತ್ತು, ಕೊಡೆ ಪಕ್ಕಕ್ಕೆ ಮಲಗಿತ್ತು.

"ನೆಟ್ಟಗೆ ಹೋಗುವ ಏಡಿ" ಎಂದ ಅಬ್ಬಾಸ್. "ಇದು ಪರ್ಕಳದಲ್ಲಿ ಲಾರಿಗೆ ದಾರಿ ಬಿಡುತ್ತದಾ ಹೇಳಿ. ಇದು ಹೋಗಿ ಅದರ ಹಣೆಗೇ ಕೊಡುತ್ತದೆ."

"ಏಡಿ ಅಲ್ಲ ಮಾರಾಯ ಬಸ್ಸು ಓಡಿಸುವುದು, ನೀನು" ಎಂದ ಲೂಯಿಸ್.

"ಹಾಗಾದರೆ ನೀನು ಬಾ ಸ್ಟಿಯರಿಂಗಿಗೆ. ನಾನು ಟಿಕೆಟ್ ಹರಿಯುತ್ತೇನೆ."

ಹಿಂದಿನ ಬಾಗಿಲಿನ ಹತ್ತಿರದ ಸೀಟಿನಿಂದ ಒಬ್ಬಳು ಮುದುಕಿ ತಲೆ ಹೊರಗೆ ಹಾಕಿದಳು. ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಒಂದು ಕೋಳಿ.

"ಈ ಸಲದ ಏಡಿಗಳಿಗೆ ಜೀವವೇ ಇಲ್ಲ ಮಗಾ. ಹಿರಿಯಡ್ಕದಲ್ಲಿ ನಿಂತು ನೋಡಿದೆ, ಬಂದ ಬಂದ ಬಸ್ಸಿನಲ್ಲಿ ಅದೇ ಕೊಡೆ. ಮಳೆ ಇಲ್ಲ, ಬಿಸಿಲಿಲ್ಲ, ಕೊಡೆ ಹಿಡಿದದ್ದೇ ಹಿಡಿದದ್ದು. ಬದುಕಿದ್ದ ಪ್ರಾಣಿ ಹಾಗೆ ಮಾಡುತ್ತದಾ? ಬರೆಯುವವನಿಗೆ ದುಡ್ಡಾಯಿತು ಕಾಣುತ್ತದೆ."

"ಬರೆಯುವವನಲ್ಲ, ಬರೆಯುವವಳು" ಎಂದ ಅಬ್ಬಾಸ್. "ಇವರೇ."

ಮುದುಕಿ ಕುಶಲಾಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ನಾಚಿಕೆಯೇನೂ ಪಟ್ಟುಕೊಳ್ಳಲಿಲ್ಲ. "ಹಾಗಾದರೆ ನಿನಗೇ ಹೇಳಿದ್ದು. ಎಂತ ಆಯಿತು, ಹುಷಾರಿಲ್ಲವಾ?"

ಎಂತ ಆಯಿತು ಎಂದು ಅಷ್ಟು ಸರಳವಾಗಿ ಅವಳನ್ನು ಯಾರೂ ಕೇಳಿರಲಿಲ್ಲ. ಕುಶಲಾ ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, ನೆಲದ ಮೇಲೆ ಕೂತಳು. ಎರಡೂ ಡಬ್ಬಗಳನ್ನು ಲೂಯಿಸನ ಕೈಯಿಂದ ತೆರೆಸಿದಳು. ಸುತ್ತ ಜನ ಬಗ್ಗಿದರು. ಹಿಂದಿನ ಬಸ್ಸಿನ ಹಾರ್ನ್ ನಿಂತಿತು, ಅದರ ಡ್ರೈವರನೂ ಇಳಿದು ಬಂದಿದ್ದ.

ಮೊದಲು ಏಡಿಯ ಕಾಲ ಕೆಳಗೆ ಎರಡು ಮೆಟ್ಟಿಲು ಎಳೆದಳು, ಪಕ್ಕದಲ್ಲೊಂದು ಹಿಡಿಕೆಯ ಸರಳು. ಮಲಗಿದ ಕೊಡೆಯನ್ನು ಕರಿಯಿಂದ ತುಂಬಿ, ಹೊಟ್ಟೆ ಉಬ್ಬಿಸಿ ಬುಟ್ಟಿ ಮಾಡಿದಳು. ಬುಟ್ಟಿಯಿಂದ ಒಂದು ಬಿಳಿ ಕೋಳಿ ಕತ್ತು ಹೊರಗೆ ಹಾಕಿತು. ಕೋಳಿಯ ಕಣ್ಣಿಗೆ ಗಾಬರಿ ಇಟ್ಟಳು, ಏಡಿಯ ಕಣ್ಣಿಗೆ ಸೀಟು ಸಿಗುತ್ತದೋ ಇಲ್ಲವೋ ಎಂಬ ಚಿಂತೆ.

"ಇದು ನೆಟ್ಟಗೆ ಹೋಗುವ ಏಡಿ ಅಲ್ಲ ಅಬ್ಬಾಸ್, ಬಸ್ಸು ಹತ್ತುವ ಏಡಿ. ಬಸ್ಸಿಗೆ ನೀನು ಅಡ್ಡ ಹತ್ತುತ್ತೀಯಾ?"

"ರಶ್ ಇದ್ದರೆ ಹಾಗೆಯೇ ಹತ್ತಬೇಕು" ಎಂದ ಲೂಯಿಸ್.

"ಅಯ್ಯೋ, ಇದು ನನ್ನ ಕೋಳಿ" ಎಂದಳು ಮುದುಕಿ. ಬಸ್ಸಿನ ಒಳಗಿದ್ದವರು ಏನಾಯಿತೆಂದು ಕಾಣದೆ ಒಬ್ಬೊಬ್ಬರೇ ಇಳಿದು ಬಂದು, ನೋಡಿ, ನಗುತ್ತ ಹತ್ತಿದರು. ಅಬ್ಬಾಸ್ ಬೀಡಿ ಎಸೆದು ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತ, ಎಂಟು ವರ್ಷದ ಹಿಂದೆ ಕೂತ ಹಾಗೆಯೇ.

"ಕೋಳಿಗೂ ಟಿಕೆಟ್ ಉಂಟಾ ಲೂಯಿಸ್?" ಎಂದು ಕೇಳಿ ಎದ್ದು ಹೋಗಿ ಕೀಲಿ ತಿರುಗಿಸಿದ.

ಬಸ್ಸು ಹೋದ ಮೇಲೆ ಕುಶಲಾ ಅಲ್ಲೇ ನಿಂತಳು. ಕಡಲ ಕಡೆಯಿಂದ ಗಾಳಿ ಬೀಸುತ್ತಿತ್ತು. ಏನೋ ಒಂದು ಇಲ್ಲ, ಏನೋ ಮರೆತು ಬಂದಿದ್ದೇನೆ ಎನಿಸಿತು. ಚೀಲ ನೋಡಿದಳು, ಪರ್ಸು ನೋಡಿದಳು, ಎಲ್ಲ ಇತ್ತು. ಆಮೇಲೆ ಗೊತ್ತಾಯಿತು, ಇಲ್ಲದೆ ಹೋದದ್ದು ತಲೆನೋವು. ಅದರ ಜಾಗದಲ್ಲಿ ಹಸಿವು ಬಂದು ಕೂತಿತ್ತು. ಒಬ್ಬಳೇ ಹೋಟೆಲಿಗೆ ಹೋಗಿ ಎರಡು ಬನ್ಸ್ ತಿಂದು ಚಹಾ ಕುಡಿದಳು. ಬನ್ಸ್‌ನಲ್ಲಿ ಬಾಳೆಹಣ್ಣಿನ ರುಚಿ ಇತ್ತು, ತಿನ್ನರಿನದ್ದಿರಲಿಲ್ಲ. ಆ ಬೆಂಚಿನ ಮೇಲೆಯೇ ಅವಳು ಎಲ್ಲವನ್ನೂ ತೀರ್ಮಾನ ಮಾಡಿದ್ದು.

ಮನೆಗೆ ಬಂದು ಶೀನನಿಗೆ ಹೇಳಿದಳು. "ಏಡಿಯನ್ನು ಇನ್ನು ನಾನೇ ಬರೆಯುವುದು. ಶೆಡ್ಡಿನಲ್ಲಿ ಅಲ್ಲ. ಬಣ್ಣ ಒಣಗಿದ ಬಸ್ಸು ಖಾಲಿಯಾಗಿ ಎರ್ಮಾಳಿಗೆ ಬರಬೇಕು, ನನ್ನ ಅಮ್ಮನ ಮನೆಯ ಅಂಗಳಕ್ಕೆ. ಕಡಲ ಗಾಳಿಯಲ್ಲಿ ಕೂತು ಬರೆಯುತ್ತೇನೆ. ವಾರಕ್ಕೆ ಒಂದೇ."

"ವಾರಕ್ಕೆ ಒಂದಾ? ದೇವದಾಸಣ್ಣನ ಬಸ್ಸು ಎಲ್ಲ ಮುಗಿಯುವಾಗ ದೀಪಾವಳಿ ಆಗುತ್ತದೆ."

"ಆಗಲಿ. ಮತ್ತೆ ಊಟ, ಬಿಲ್ಲು ನೋಡಿಕೊಳ್ಳುವುದಕ್ಕೆ ನಿಮ್ಮ ತಂಗಿ ಬೇಬಿಯನ್ನು ಕರೆಸುವ. ಮೇಜನ್ನು ಗೇರುಮರದ ಅಡಿಗೆ ಹಾಕುವ. ಆ ವಾಸನೆ ಅವಳಿಗೂ ಬೇಡ."

"ಗಿರಾಕಿಗಳು ಓಡಿಹೋದರೆ?"

"ನೆಟ್ಟಗೆ ಓಡುವವರು ಓಡಲಿ. ಪಕ್ಕಕ್ಕೆ ಸರಿದು ನಿಲ್ಲುವವರು ನಿಲ್ಲುತ್ತಾರೆ."

ಶೀನ ತುಂಬ ಹೊತ್ತು ಎಕ್ಸ್‌ರೇ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅದನ್ನು ಕೊರೆದ ಕೈ ಅವನದು, ಬಿಡುವುದಕ್ಕೆ ಸಂಕಟ.

"ನಿನ್ನ ತಲೆನೋವಿಗೆ ಅಂತ ಮಾಡಿದ್ದು ಇದು" ಎಂದ.

"ಗೊತ್ತುಂಟು. ಚೆಂದ ಉಂಟು ಅದು. ನಾನೇ ಹೇಳಬೇಕಿತ್ತು, ಹೇಳಲಿಲ್ಲ."

"ನಾನು ಬ್ರಷ್ ಹಿಡಿದು ಎಷ್ಟು ಸಮಯ ಆಯಿತು ಗೊತ್ತುಂಟಾ? ಧನಿಗಳ ಹತ್ತಿರ ರೇಟಿಗೆ ಚರ್ಚೆ ಮಾಡುವುದೇ ಕೆಲಸ ಆಯಿತು" ಎಂದ ಶೀನ. ಅದು ಒಪ್ಪಿಗೆ ಎಂದು ಕುಶಲಾಳಿಗೆ ಅರ್ಥವಾಯಿತು. ಇಷ್ಟು ವರ್ಷ ಸಂಸಾರ ಮಾಡಿದ್ದು ಸುಮ್ಮನೆ ಅಲ್ಲವಲ್ಲ.

ಸುಲೈಮಾನ್ ಬ್ಯಾರಿ ಕೇಳಿ ಕುರ್ಚಿಯಿಂದ ಅರ್ಧ ಎದ್ದ. "ಖಾಲಿ ಬಸ್ಸು ಎರ್ಮಾಳಿಗೆ ಓಡಿಸುವುದಾ? ಡೀಸಿಲ್ ಯಾರು ಹಾಕುವುದು, ನಿಮ್ಮ ಏಡಿಯಾ?"

"ಎರ್ಮಾಳಿನಿಂದ ವಾಪಸ್ ಬರುವಾಗ ಕಾಪುವಿನಿಂದ ಜನ ಹತ್ತಿಸಿಕೊಂಡು ಬನ್ನಿ ಸುಲೈಮಾನಾಕ. ಹೊಸ ಏಡಿಯನ್ನು ಮೊದಲು ನೋಡುವವರು ನಿಮ್ಮ ಊರಿನವರೇ ಆಗಲಿ" ಎಂದಳು ಕುಶಲಾ.

ಸುಲೈಮಾನ್ ಬ್ಯಾರಿ ಗಡ್ಡ ತುರಿಸಿಕೊಂಡು ಲೆಕ್ಕ ಹಾಕಿದ. ಲೆಕ್ಕ ಸರಿಬಂತೋ, ಇಲ್ಲ ಬಸ್ಸು ತೆಗೆಯುವುದಿಲ್ಲವೆಂದ ಅಬ್ಬಾಸನ ನೆನಪಾಯಿತೋ, ಮತ್ತೆ ಕೂತ. ಕಾರ್ಕಳದ ದೇವದಾಸಣ್ಣ ಮಾತ್ರ ಕಾಯಲಿಲ್ಲ. ಅವರ ಬಸ್ಸುಗಳು ಮಂಗಳೂರಿಗೆ ಹೋದವು. ಒಂದು ವಾರ ಶೀನ ಊಟ ಸೇರದೆ ಓಡಾಡಿದ. ಲಿಯೋನೆಲನ ಕೈಕೆಳಗಿದ್ದ ಇಬ್ಬರು ಬೇರೆ ಗ್ಯಾರೇಜು ಹಿಡಿದರು. ಶೆಡ್ ಉದ್ದವಾಗಲಿಲ್ಲ. ಇದ್ದ ಶೆಡ್ಡಿನ ಎರಡು ಬದಿಯ ತಗಡು ಕಿತ್ತು ಗಾಳಿಗೆ ದಾರಿ ಬಿಟ್ಟರು. ಬೇಬಿ ಬಂದಳು, ಮೊದಲ ತಿಂಗಳಿನಲ್ಲೇ ಜಗಳಕ್ಕೆ ಬರುವ ಧನಿಗಳಿಗೆ ಮಜ್ಜಿಗೆ ಕೊಡುವುದನ್ನು ನಿಲ್ಲಿಸಿದಳು. ಅವರು ಬರುವುದೂ ಕಡಿಮೆಯಾಯಿತು. ಹೆಸರು ಬರೆಯುವ ಕೆಲಸವನ್ನು ಶೀನ ಮತ್ತೆ ಬ್ರಷ್ಷಿಗೇ ತಂದ. ಒಂದು ಬಸ್ಸು ನಿಧಾನವಾಗಿ ಮುಗಿಯುತ್ತಿತ್ತು, ಮುಗಿದದ್ದನ್ನು ನೋಡಲು ಮೆಕ್ಯಾನಿಕ್ಕುಗಳು ಬರುತ್ತಿದ್ದರು.

ಕಾರ್ಕಳದ ದಾರಿಯಲ್ಲಿ ಮುದುಕಿಯ ಕೋಳಿ ಹೆಸರುವಾಸಿಯಾಯಿತು. ಅವಳು ಹಿರಿಯಡ್ಕದಲ್ಲಿ 'ಜುಬೈದಾ' ಬಿಟ್ಟು ಬೇರೆ ಬಸ್ಸು ಹತ್ತುವುದಿಲ್ಲವಂತೆ, ಟಿಕೆಟ್ಟಿನ ದುಡ್ಡಿಗೆ ಚರ್ಚೆಯನ್ನೂ ಮಾಡುತ್ತಾಳಂತೆ, ಎಂದು ಲೂಯಿಸ್ ಹೇಳುತ್ತಿದ್ದ.

ಮಳೆ ಕಳೆದು ಆಕಾಶ ತೊಳೆದ ಹಾಗಾದಾಗ 'ಆಸ್ಯಾ' ಮತ್ತೆ ಬಣ್ಣಕ್ಕೆ ಬಂತು. ಹಳೆಯ ಏಡಿ ಹಳೆಯ ಬಣ್ಣದ ಜೊತೆಗೇ ಅಡಿಗೆ ಹೋಯಿತು, ಅದರ ಮೇಲೆ ಹೊಸ ಕೆನೆಬಣ್ಣ ಕೂತಿತು. ಆ ವಾರ ಶೀನ, "ನಾನೂ ಬರುತ್ತೇನೆ, ಅತ್ತೆಯನ್ನು ನೋಡದೆ ತುಂಬ ದಿನ ಆಯಿತು" ಎಂದು ಬಸ್ಸು ಹತ್ತಿದ. ಅಬ್ಬಾಸ್ ಓಡಿಸಿದ. ಎರ್ಮಾಳಿನ ಅಂಗಳದಲ್ಲಿ ಬಲೆಗಳು ಒಣಗುತ್ತಿದ್ದವು. ಅಮ್ಮ ಚಹಾಕ್ಕೆ ನೀರಿಟ್ಟಳು. ಕುಶಲಾ ಮಣೆ ಹಾಕಿ ಮೆಟ್ಟಿಲ ಪಕ್ಕ ಕೂತಳು. ಕೂತೇ ಇದ್ದಳು. ಈ ಬಸ್ಸಿಗೆ ಏನು ಬರೆಯುವುದೆಂದು ಹೊಳೆಯಲಿಲ್ಲ. ಅವಸರವೂ ಇರಲಿಲ್ಲ.

ಶೀನ ಅವಳ ಹಿಂದೆ ಬಂದು ನಿಂತ. ಕೈಯಲ್ಲಿ ದಪ್ಪ ಬ್ರಷ್, ತುದಿ ತುಂಬ ಕೆಂಪು. ಅವಳ ಭುಜದ ಮೇಲಿಂದ ಬಗ್ಗಿ, ಇಷ್ಟು ವರ್ಷ ಅಕ್ಷರ ಬರೆದ ಆ ಸ್ಥಿರವಾದ ಕೈಯನ್ನು ಒಂದಿಷ್ಟು ಅಲುಗಿಸಿದ. ಒಂದು ದಪ್ಪ ಹನಿ ಕೆನೆಬಣ್ಣದ ಮೇಲೆ ಬಿತ್ತು.

"ಛೆ, ಬಿತ್ತಲ್ಲ" ಎಂದ.

"ಈಗ ಒರೆಸಲಿಕ್ಕೂ ಆಗುವುದಿಲ್ಲ" ಎಂದ ಅಬ್ಬಾಸ್, ಬಾಗಿಲಿಗೆ ಒರಗಿ ನಿಂತು, ಗಂಭೀರವಾಗಿ.

ಕುಶಲಾ ಇಬ್ಬರನ್ನೂ ತಿರುಗಿ ನೋಡಲಿಲ್ಲ. ನಗು ಕಾಣುತ್ತದಲ್ಲ ಎಂದು. ಹನಿ ಮೆಲ್ಲಗೆ ಅಗಲವಾಗುತ್ತಿತ್ತು, ಒಂದು ಬದಿಗೆ ವಾಲಿಕೊಂಡು, ಊಟ ಮಾಡಿ ಚಾಪೆಯ ಮೇಲೆ ಒರಗಿದವರ ಹಾಗೆ. ಅವಳು ಸಣ್ಣ ಬ್ರಷ್ ತೆಗೆದುಕೊಂಡು ಮೊದಲು ಕಣ್ಣು ಬರೆದಳು. ಮುಚ್ಚಿದ ಕಣ್ಣು. ಅದರ ತಲೆಯಡಿಗೆ ಕೊಡೆಯನ್ನು ಮಡಚಿ ಇಟ್ಟಳು.